ಆ 37 ಮತಗಳಿಂದ ಶುರು ಮಾಡಿ

ಪ್ರಿಯ ಲೇಖಕರೆ,

ನಿಮ್ಮ ‘ದಕ್ಷಿಣ ಲಾಂಗ್‌ಫರ್ಡ್ ಲೋಕಸಭಾ ಕ್ಷೇತ್ರ: ಒಂದು ಐತಿಹಾಸಿಕ ಅವಲೋಕನ’, ಬ್ರಿಟಿಷ್ ಸಂಸತ್ತಿಗೆ ಸದಸ್ಯರನ್ನು ಕಳಿಸುತ್ತಿದ್ದ ಐರ್ಲೆಂಡಿನ ಹಳೆಯ ಕ್ಷೇತ್ರವೊಂದರ ಮೇಲಿನ ಲೇಖನ, ಬಂದು ತಲುಪಿತು. ಎರಡು ಸಲ ಓದಿದೆ. ಮೊದಲ ಸಲ ಅರ್ಧಕ್ಕೆ ಎದ್ದು ಹೋಗಿ ಕಾಫಿ ಮಾಡಿಕೊಂಡು ಬಂದೆ ಅನ್ನುವುದನ್ನು ಮುಚ್ಚಿಡುವುದಿಲ್ಲ. ಈಗಿರುವ ಹಾಗೆ ಇದನ್ನು ಹಾಕಿಕೊಳ್ಳಲು ಆಗುವುದಿಲ್ಲ. ಹಾಗಂತ ‘ಕೃತಜ್ಞತೆಗಳೊಂದಿಗೆ ಹಿಂದಿರುಗಿಸಿದೆ’ ಎಂದು ಬರೆದು ಕೈತೊಳೆದುಕೊಳ್ಳಲೂ ಮನಸ್ಸು ಬರಲಿಲ್ಲ. ಹನ್ನೊಂದನೇ ಪುಟದ ಕೋಷ್ಟಕದ ಕೊನೆಯ ಸಾಲಿನಲ್ಲಿ ನೀವು ಒಂದು ಒಳ್ಳೆಯ ಲೇಖನವನ್ನು ಹೂತಿಟ್ಟುಬಿಟ್ಟಿದ್ದೀರಿ.

ಆ ಸಾಲು ಹೀಗಿದೆ: 1917, ಮೇ 9. ಜೋಸೆಫ್ ಮ್ಯಾಕ್‌ಗಿನೆಸ್ 1,498. ಪ್ಯಾಟ್ರಿಕ್ ಮೆಕೆನ್ನಾ 1,461. ಅಂತರ 37.

ಇದಕ್ಕೆ ನೀವು ಕೊಟ್ಟ ವಿವರಣೆ ಒಂದೇ ವಾಕ್ಯ: ‘ಸದರಿ ಉಪಚುನಾವಣೆಯಲ್ಲಿ ಶಿನ್ ಫೇನ್ ಅಭ್ಯರ್ಥಿಯು ಅಲ್ಪ ಅಂತರದಿಂದ ಜಯಗಳಿಸಲ್ಪಟ್ಟರು.’ ಶಿನ್ ಫೇನ್ ಅಂದರೆ ಐರ್ಲೆಂಡಿನ ಸ್ವಾತಂತ್ರ್ಯ ಬಯಸಿದ ಪಕ್ಷ, ಅದರ ಅಭ್ಯರ್ಥಿ ಮ್ಯಾಕ್‌ಗಿನೆಸ್ ಎಂದಾದರೂ ಹೇಳಬೇಡವೇ? ‘ಜಯಗಳಿಸಲ್ಪಟ್ಟರು’ ಅನ್ನುವ ಕನ್ನಡದ ವಿಷಯಕ್ಕೆ ಆಮೇಲೆ ಬರುತ್ತೇನೆ. ಮೊದಲು ಲೆಕ್ಕ ನೋಡಿ. ಬಿದ್ದ ಮತ ಒಟ್ಟು 2,959. ಹತ್ತೊಂಬತ್ತು ಜನ ಆ ದಿನ ಮನಸ್ಸು ಬದಲಾಯಿಸಿದ್ದರೆ ಮೆಕೆನ್ನಾ ಗೆಲ್ಲುತ್ತಿದ್ದರು. ಹತ್ತೊಂಬತ್ತು ಜನ ಅಂದರೆ ಒಂದು ಮದುವೆ ವ್ಯಾನಿಗೆ ಹಿಡಿಸುವಷ್ಟು. ಇಂಥ ಸಾಲು ಕೈಯಲ್ಲಿಟ್ಟುಕೊಂಡು 1885ರ ಕ್ಷೇತ್ರ ಮರುವಿಂಗಡಣೆ ಕಾಯ್ದೆಯಿಂದ ಯಾರಾದರೂ ಲೇಖನ ಶುರು ಮಾಡುತ್ತಾರೆಯೇ?

ಸಂತೇಮರಹಳ್ಳಿಯ ಮೂರು ಪ್ಯಾರಾಗಳನ್ನು ತೆಗೆದುಬಿಡಿ. 2004ರಲ್ಲಿ ಅಲ್ಲಿ ಒಂದೇ ಒಂದು ಮತದಿಂದ ಗೆದ್ದದ್ದು, 2008ಕ್ಕೆ ಆ ಕ್ಷೇತ್ರವೇ ಇಲ್ಲವಾದದ್ದು ಎರಡೂ ನಿಜ. ಆದರೆ ನಮ್ಮ ಓದುಗರಿಗೆ ಅದು ಬಾಯಿಪಾಠ. ‘ನಮ್ಮಲ್ಲೂ ಹೀಗಾಗಿತ್ತು’ ಎಂದು ತೋಳು ಹಿಡಿದು ಎಳೆದರೆ ಓದುಗ ಐರ್ಲೆಂಡಿಗೆ ಹೋಗುವ ಮೊದಲೇ ಚಾಮರಾಜನಗರದಲ್ಲೇ ಬಸ್ಸಿನಿಂದ ಇಳಿದುಬಿಡುತ್ತಾನೆ. ಭಾರತದ ನಂಟು ಬೇಕೇ ಬೇಕು ಅನ್ನಿಸಿದರೆ ನಿಜವಾದದ್ದೊಂದು ಇದೆ. 1894ರ ಮದರಾಸು ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷ ಆಲ್‌ಫ್ರೆಡ್ ವೆಬ್ ಆಗ ಪಶ್ಚಿಮ ವಾಟರ್‌ಫರ್ಡ್ ಎಂಬ ಐರಿಷ್ ಕ್ಷೇತ್ರದ ಸಂಸದ. ದಕ್ಷಿಣ ಲಾಂಗ್‌ಫರ್ಡಿನ ಸಂಸದ ಎಡ್ವರ್ಡ್ ಬ್ಲೇಕ್ ಮತ್ತು ಅವರು ಆಗ ಒಂದೇ ಪಕ್ಷದವರು. ಎರಡು ಸಾಲು ಸಾಕು, ಮೂರನೆಯದು ಬೇಡ.

ಬ್ಲೇಕ್ ಬಗ್ಗೆ ನೀವು ಬರೆದ ಪುಟ ಇಡೀ ಲೇಖನದಲ್ಲಿ ನನಗೆ ಎರಡನೆಯದಾಗಿ ಇಷ್ಟವಾದದ್ದು. ಕೆನಡಾದವರು, ಒಂಟಾರಿಯೊ ಪ್ರಾಂತ್ಯದ ಪ್ರಧಾನಿಯಾಗಿದ್ದವರು, ಅಲ್ಲಿನ ಲಿಬರಲ್ ಪಕ್ಷವನ್ನು ಮುನ್ನಡೆಸಿದವರು. ಐರ್ಲೆಂಡಿಗೆ ಸ್ವಂತ ಆಡಳಿತ ಕೇಳುತ್ತಿದ್ದ ಐರಿಷ್ ಪಕ್ಷ ತನ್ನ ನಾಯಕ ಪಾರ್ನೆಲ್ ವಿಷಯದಲ್ಲಿ ಒಡೆದ ಮೇಲೆ, ವಿರೋಧಿ ಬಣದವರು ಅವರನ್ನು ಕರೆತಂದು 1892ರಲ್ಲಿ ಲಾಂಗ್‌ಫರ್ಡಿನಲ್ಲಿ ನಿಲ್ಲಿಸಿದರು. 1907ರವರೆಗೆ ಹದಿನೈದು ವರ್ಷ ಅವರೇ ಸಂಸದ. ನೀವು ಇದನ್ನು ‘ಕ್ಷೇತ್ರದ ಜನರ ವಿಶಾಲ ಮನೋಭಾವ’ ಎಂದು ಹೊಗಳಿದ್ದೀರಿ. ನನಗೆ ಹಾಗೆ ಕಾಣುವುದಿಲ್ಲ. ಪಕ್ಷ ಹೇಳಿದವರನ್ನು ಆರಿಸಿ ಕಳಿಸುವ ಕ್ಷೇತ್ರ ಇದು. ಎಷ್ಟೋ ಸಲ ಎದುರಾಳಿಯೇ ಇಲ್ಲದೆ ಅವಿರೋಧ ಆಯ್ಕೆ. ನಿಮ್ಮ ಕೋಷ್ಟಕದಲ್ಲಿ ಸಾಲು ಸಾಲಾಗಿ ಬರುವ ‘ಅವಿರೋಧ’ಗಳನ್ನು ಖಾಲಿ ಜಾಗ ಎಂದುಕೊಂಡು ದಾಟಿದ್ದೀರಿ. ಪಕ್ಷಕ್ಕೆ ಪ್ರಚಾರ ಮಾಡುವ ಅಭ್ಯಾಸವೇ ತಪ್ಪಿಹೋಗಿತ್ತು ಅನ್ನುವುದಕ್ಕೆ ಸಾಕ್ಷಿ ಅಲ್ಲೇ ಇದೆ. 1917ರ ಏಪ್ರಿಲ್‌ನಲ್ಲಿ ಹಾಲಿ ಸಂಸದ ಜಾನ್ ಫಿಲಿಪ್ಸ್ ತೀರಿಕೊಂಡಾಗ ಟಿಕೆಟ್ಟಿಗೆ ಮೂವರು ಎದ್ದು ನಿಂತರು. ಪಕ್ಷದ ನಾಯಕ ರೆಡ್ಮಂಡ್ ಮೆಕೆನ್ನಾ ಅವರನ್ನು ಆರಿಸಿ ಉಳಿದವರನ್ನು ಸಮಾಧಾನಪಡಿಸುವಷ್ಟರಲ್ಲಿ ದಿನಗಳು ಕಳೆದುಹೋಗಿದ್ದವು. ಟಿಕೆಟ್ ಜಗಳ ನಮ್ಮ ಓದುಗರಿಗೆ ಅಡಿಟಿಪ್ಪಣಿ ಇಲ್ಲದೆ ಅರ್ಥವಾಗುತ್ತದೆ.

ಈಗ ನೀವು ಪೂರ್ತಿ ಬಿಟ್ಟದ್ದಕ್ಕೆ ಬರುತ್ತೇನೆ. ಅಭ್ಯರ್ಥಿಗೆ ನಿಲ್ಲುವ ಮನಸ್ಸೇ ಇರಲಿಲ್ಲ! ಮ್ಯಾಕ್‌ಗಿನೆಸ್ ಬ್ರಿಟಿಷರ ವಿರುದ್ಧ ಡಬ್ಲಿನ್ನಿನಲ್ಲಿ ಎದ್ದ 1916ರ ಈಸ್ಟರ್ ದಂಗೆಯಲ್ಲಿ ಬಂದೂಕು ಹಿಡಿದವರು, ಇಂಗ್ಲೆಂಡಿನ ಲೂಯಿಸ್ ಜೈಲಿನಲ್ಲಿದ್ದವರು. ಅಲ್ಲಿ ಕೈದಿಗಳಿಗೆ ನಾಯಕ ಡಿ ವಲೇರಾ. ಸೋತರೆ ದಂಗೆಗೇ ಜನ ಛೀ ಎಂದ ಹಾಗಾಗುತ್ತದೆ, ಬೇಡ ಎಂದು ಹೆಚ್ಚಿನವರ ಅಭಿಪ್ರಾಯ. ಥಾಮಸ್ ಆ್ಯಶ್ ಥರದ ಕೆಲವರು ಮಾತ್ರ ನಿಲ್ಲಲಿ ಎಂದರು. ಜೈಲಿನಿಂದ ‘ಒಲ್ಲೆ’ ಎಂಬ ಉತ್ತರ ಹೊರಗೆ ಬಂತು. ಹೊರಗಿದ್ದ ದಂಗೆಯ ಜೊತೆಗಾರ ಮೈಕೆಲ್ ಕಾಲಿನ್ಸ್ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ, ಮ್ಯಾಕ್‌ಗಿನೆಸ್ ಹೆಸರಿನಲ್ಲೇ ಪ್ರಚಾರ ಮುಂದುವರಿಯಿತು. ಒಲ್ಲೆ ಎಂದವನನ್ನು ಅವನಿಗೇ ಕೇಳದೆ ಚುನಾವಣೆಗೆ ನಿಲ್ಲಿಸಿ ಗೆಲ್ಲಿಸಿದ ಕಥೆ ಇದು. ನಿಮ್ಮ ಹದಿನಾಲ್ಕು ಪುಟದಲ್ಲಿ ಇದು ಎಲ್ಲೂ ಇಲ್ಲ, ಅದೇ ಕ್ಷೇತ್ರದ ವಿಸ್ತೀರ್ಣ ಮಾತ್ರ ಎರಡು ಕಡೆ ಇದೆ.

ಘೋಷಣೆಯ ಅನುವಾದದಲ್ಲಿ ನಾನು ನಕ್ಕುಬಿಟ್ಟೆ, ಬೇಸರ ಮಾಡಿಕೊಳ್ಳಬೇಡಿ. ಕೈದಿಯ ಬಟ್ಟೆ ತೊಟ್ಟ ಮನುಷ್ಯನ ಚಿತ್ರದ ಆ ಪೋಸ್ಟರಿನ ಮಾತನ್ನು ನೀವು ‘ಅವನನ್ನು ಹೊರತರುವ ಸಲುವಾಗಿ ಅವನನ್ನು ಒಳಗೆ ಹಾಕಿರಿ’ ಎಂದು ಮಾಡಿದ್ದೀರಿ. ಕನ್ನಡದಲ್ಲಿ ‘ಒಳಗೆ ಹಾಕು’ ಅಂದರೆ ಏನು? ಜೈಲಿಗೆ ತಳ್ಳು ಅಂತ. ಅಂದಮೇಲೆ ನಿಮ್ಮ ಲಾಂಗ್‌ಫರ್ಡಿನ ಜನ ಪಾಪದ ಆ ಮನುಷ್ಯನನ್ನು ಇನ್ನೊಂದು ಸಲ ಜೈಲಿಗೆ ನೂಕಲು ಮತ ಹಾಕಿದ ಹಾಗಾಯಿತು. ಮೂಲದಲ್ಲಿ ‘ಒಳಗೆ’ ಅಂದರೆ ಸಂಸತ್ತಿನೊಳಗೆ, ‘ಹೊರಗೆ’ ಅಂದರೆ ಜೈಲಿನ ಹೊರಗೆ. ನಮ್ಮ ಮಾತಿನಲ್ಲಿ ಒಳಗಿರುವವನು ಅಂದರೇ ಜೈಲಿನಲ್ಲಿರುವವನು, ಅದನ್ನೇ ಬಳಸಿಕೊಳ್ಳಿ. ‘ಒಳಗಿರೋನ್ನ ಗೆಲ್ಸಿ, ಗೆಲ್ಸಿ ಹೊರಗೆ ತನ್ನಿ’ ಅಂದರೆ ಗೋಡೆ ಮೇಲೆ ಬರೆಯಬಹುದಾದ ಮಾತಾಗುತ್ತದೆ. ಇದಕ್ಕಿಂತ ಚೆನ್ನಾಗಿ ಹೊಳೆದರೆ ಅದನ್ನೇ ಹಾಕಿ.

ಇನ್ನು ಕಾರಣ. ‘1916ರ ನಂತರ ಜನಾಭಿಪ್ರಾಯ ಸಂಪೂರ್ಣ ಬದಲಾಗಿತ್ತು’ ಎಂದಿದ್ದೀರಿ. ಸಂಪೂರ್ಣ ಬದಲಾಗಿದ್ದರೆ ಮೆಕೆನ್ನಾಗೆ 1,461 ಮತ ಹಾಕಿದವರು ಯಾರು? ಅಲ್ಲಿ ಮತ ಇದ್ದವರು ಯಾರು ಅನ್ನುವುದನ್ನು ಮೊದಲು ಹೇಳಿ. ಮೊದಲ ಮಹಾಯುದ್ಧದ ಕಾರಣ ಮತದಾರರ ಪಟ್ಟಿ ಹಳೆಯದು. ಹೆಂಗಸರಿಗೆ ಮತವಿಲ್ಲ. ಅಪ್ಪನ ಮನೆಯಲ್ಲಿರುವ ಬೆಳೆದ ಮಗನಿಗೂ ಸಾಮಾನ್ಯವಾಗಿ ಇಲ್ಲ. ಮನೆ ಯಾರ ಹೆಸರಲ್ಲೋ ಮತ ಅವನದು. ಬೀದಿಯಲ್ಲಿ ಬಾವುಟ ಹಿಡಿದು ಓಡಾಡಿದ ಶಿನ್ ಫೇನ್ ಹುಡುಗರಲ್ಲಿ ಬಹಳ ಜನರಿಗೆ ಮತಪತ್ರ ಸಿಗುತ್ತಿರಲಿಲ್ಲ. ಅವರಿಗೆ ಎದುರಾಗಿ ಬೀದಿಗಿಳಿದು ಕೂಗಾಡಿದ, ಬ್ರಿಟಿಷ್ ಸೇನೆಯ ಸೈನಿಕರ ಹೆಂಡತಿಯರಿಗೂ ಸಿಗುತ್ತಿರಲಿಲ್ಲ. ಗಂಡಂದಿರು ರಣರಂಗದಲ್ಲಿ, ಮನೆ ನಡೆಯುವುದು ಸರ್ಕಾರದ ಭತ್ಯೆಯಿಂದ. ದಂಗೆಯವರನ್ನು ಕಂಡರೆ ಅವರಿಗೆ ಉರಿಯದೆ ಇನ್ನೇನು? ಬೀದಿಯಲ್ಲಿ ಗಂಟಲು ಹರಿದುಕೊಂಡ ಎರಡೂ ಕಡೆಯವರನ್ನು ಬಿಟ್ಟು, ಮನೆಯ ಯಜಮಾನರು ತೀರ್ಮಾನ ಮಾಡಿದ ಚುನಾವಣೆ. ಈ ಬೀದಿಗೆ ನಿಮ್ಮ ಲೇಖನದಲ್ಲಿ ಅರ್ಧ ಪುಟ ಕೊಡಿ.

ಆ ಯಜಮಾನರನ್ನು ಕೊನೆಯ ಗಳಿಗೆಯಲ್ಲಿ ಅಲುಗಾಡಿಸಿದ್ದರಲ್ಲಿ ಒಂದು ಪತ್ರಕ್ಕೆ ಪಾಲಿದೆ. ಮತದಾನದ ಹಿಂದಿನ ದಿನ ಡಬ್ಲಿನ್ನಿನ ಆರ್ಚ್‌ಬಿಷಪ್ ವಿಲಿಯಂ ವಾಲ್ಶ್, ಐರ್ಲೆಂಡಿನ ವಿಭಜನೆಯ ಅಪಾಯ ತೀರಿಲ್ಲ, ದೇಶವನ್ನು ಹೆಚ್ಚುಕಡಿಮೆ ಮಾರಿಬಿಟ್ಟಿದ್ದಾರೆ ಎಂಬರ್ಥದಲ್ಲಿ ಸಂಜೆ ಪತ್ರಿಕೆಗೆ ಬರೆದರು. ಶಿನ್ ಫೇನ್‌ನವರು ಅದನ್ನು ಕರಪತ್ರ ಮಾಡಿ ಹಂಚಿದರು. ಅವರಿಗೆ ಮತ ಹಾಕಿ ಎಂದು ಪತ್ರದಲ್ಲಿ ಎಲ್ಲೂ ಇಲ್ಲ, ಇರಬೇಕಾದ ಅಗತ್ಯವೂ ಇರಲಿಲ್ಲ. ಇದು ನಿಮ್ಮಲ್ಲಿ ಆವರಣದೊಳಗೆ ಬಂದಿದೆ. ಆವರಣ ಒಡೆಯಿರಿ.

ಎಣಿಕೆಯ ಭಾಗದಲ್ಲಿ ಎಚ್ಚರ ಬೇಕು. ಮೊದಲು ಮೆಕೆನ್ನಾ ಗೆದ್ದರೆಂದೇ ಸುದ್ದಿಯಾದದ್ದು, ಮರುಎಣಿಕೆಯಲ್ಲಿ ಮತಪತ್ರದ ಕಟ್ಟೊಂದರ ಲೆಕ್ಕ ತಪ್ಪಿದ್ದು ಗೊತ್ತಾಗಿ ಫಲಿತಾಂಶ ತಿರುಗಿದ್ದು ಸರಿ. ಆದರೆ ಯಾರೋ ಚುನಾವಣಾಧಿಕಾರಿಯ ತಲೆಗೆ ಪಿಸ್ತೂಲು ಹಿಡಿದು ‘ಇನ್ನೊಮ್ಮೆ ಯೋಚಿಸಿ’ ಎಂದರು ಅನ್ನುವುದನ್ನು ನೀವು ಕಣ್ಣಾರೆ ಕಂಡವರ ಹಾಗೆ ಬರೆದಿದ್ದೀರಿ. ಅದು ಎಷ್ಟೋ ವರ್ಷಗಳ ನಂತರ ದಂಗೆಕೋರನೊಬ್ಬ ತಾನೇ ಮಾಡಿದ್ದೆಂದು ಹೇಳಿಕೊಂಡದ್ದು. ಕಥೆಯನ್ನು ಬಿಡಬೇಡಿ, ಇಂಥದ್ದನ್ನು ಬಿಟ್ಟರೆ ಪಾಪ ತಟ್ಟೀತು. ಹೇಳಿಕೊಂಡದ್ದು ಎಂದು ಹೇಳಿ, ಅಷ್ಟೆ.

‘ಗೆದ್ದ ಕೂಡಲೇ ಸರ್ಕಾರ ಅವರನ್ನು ಬಿಡುಗಡೆ ಮಾಡಬೇಕಾಯಿತು’ ಅನ್ನುವುದು ತಪ್ಪು. ಘೋಷಣೆಯನ್ನು ನೀವೂ ನಂಬಿಬಿಟ್ಟಿದ್ದೀರಿ. ಗೆದ್ದರೆ ಜೈಲು ಬಾಗಿಲು ತೆರೆಯಬೇಕೆಂಬ ಕಾನೂನು ಇರಲಿಲ್ಲ. 1869ರಲ್ಲಿ ಜೈಲಿನಲ್ಲಿದ್ದ ಐರಿಷ್ ಬಂಡುಕೋರ ಒಡನೊವನ್ ರೋಸಾ ಅವರನ್ನು ಟಿಪರರಿಯ ಮತದಾರರು ಗೆಲ್ಲಿಸಿದಾಗ ಆ ಆಯ್ಕೆಯನ್ನೇ ರದ್ದು ಮಾಡಿದ್ದರು. ಬ್ರಿಟನ್ನಿನ ಲಾಯ್ಡ್ ಜಾರ್ಜ್ ಸರ್ಕಾರ, ಐರ್ಲೆಂಡಿನ ಆಡಳಿತ ಹೇಗಿರಬೇಕೆಂದು ಚರ್ಚಿಸಲು ಐರಿಷ್ ಸಮಾವೇಶ ಕರೆಯುವ ಹೊತ್ತಿಗೆ ವಾತಾವರಣ ತಿಳಿಯಾಗಲಿ ಎಂದು ಜೂನ್‌ನಲ್ಲಿ ದಂಗೆಯ ಕೈದಿಗಳನ್ನೆಲ್ಲ ಒಟ್ಟಿಗೆ ಬಿಟ್ಟಿತು. ಆಗ ಹೊರಬಂದವರಲ್ಲಿ, ಚುನಾವಣೆಯೇ ಬೇಡ ಎಂದಿದ್ದ ಡಿ ವಲೇರಾ ಜುಲೈ 10ಕ್ಕೆ ಪೂರ್ವ ಕ್ಲೇರ್‌ನಲ್ಲಿ ತಾವೇ ನಿಂತು ಗೆದ್ದರು: ಅವರಿಗೆ 5,010 ಮತ, ಎದುರಾಳಿಗೆ 2,035. ಇದಕ್ಕೆ ವ್ಯಾಖ್ಯಾನ ಬೇಡ, ಅಂಕಿ ಇಟ್ಟು ಸುಮ್ಮನಾಗಿ.

1918ರಲ್ಲಿ ಉತ್ತರ, ದಕ್ಷಿಣ ಎರಡೂ ಸೇರಿ ಲಾಂಗ್‌ಫರ್ಡ್ ಒಂದೇ ಕ್ಷೇತ್ರವಾದದ್ದು ನಿಮ್ಮಲ್ಲಿ ಸರಿಯಾಗಿದೆ. ಗೆದ್ದ ಶಿನ್ ಫೇನ್‌ನವರು ವೆಸ್ಟ್‌ಮಿನ್‌ಸ್ಟರಿಗೆ, ಅಂದರೆ ಬ್ರಿಟಿಷ್ ಸಂಸತ್ತಿಗೆ, ಹೋಗುತ್ತಿರಲಿಲ್ಲ, ಹಾಗಾಗಿ ದಕ್ಷಿಣ ಲಾಂಗ್‌ಫರ್ಡಿನ ಕೊನೆಯ ಸಂಸದ ಅಲ್ಲಿ ಕೂರಲೇ ಇಲ್ಲ ಎಂಬ ಸಾಲನ್ನು ಸೇರಿಸಿ.

ಭಾಷೆ. ‘ಜಯಗಳಿಸಲ್ಪಟ್ಟರು’, ‘ಸ್ಪರ್ಧಿಸಲ್ಪಟ್ಟ ಚುನಾವಣೆ’, ‘ಸ್ಥಾನವು ತೆರವುಗೊಳಿಸಲ್ಪಟ್ಟಿತು’: ಇಪ್ಪತ್ತಮೂರು ‘ಲ್ಪಟ್ಟ’ ಎಣಿಸಿ ನಿಲ್ಲಿಸಿದೆ. ಹಳ್ಳಿಕಟ್ಟೆಯಲ್ಲಿ ಚುನಾವಣೆಯ ಬಗ್ಗೆ ಮಾತಾಡುವಾಗ ನೀವು ಹೀಗೆ ಮಾತಾಡುತ್ತೀರಾ? ಗೆದ್ದ, ಸೋತ, ನಿಂತ, ಸೀಟು ಖಾಲಿಯಾಯಿತು. ಇಷ್ಟೇ ಸಾಕು.

ಕೋಷ್ಟಕಗಳಲ್ಲಿ ಒಂದನ್ನು ಮಾತ್ರ ಇಟ್ಟುಕೊಂಡು, ಹದಿನಾಲ್ಕು ಪುಟವನ್ನು ಆರಕ್ಕೆ ಇಳಿಸಿ ಮತ್ತೆ ಕಳಿಸಿ, ಓದುತ್ತೇನೆ. ಕಳಿಸುವ ಮುನ್ನ ಹೆಸರುಗಳನ್ನೊಮ್ಮೆ ನೋಡಿ. ಮ್ಯಾಕ್‌ಗಿನೆಸ್, ಮೆಕ್‌ಗಿನ್ನಿಸ್, ಮಗಿನಸ್ ಎಂದು ಮೂರು ಥರ ಬರೆದಿದ್ದೀರಿ; ಐದನೇ ಪುಟದಲ್ಲಿ ಇವರು ಮೂವರು ಬೇರೆ ಬೇರೆ ಅಭ್ಯರ್ಥಿಗಳು ಎಂದೇ ನಾನು ತಿಳಿದಿದ್ದೆ.

ಇಂತಿ,
ಸಂಪಾದಕ