ನಮ್ಮ ಹಾಲ್ 'ಎಲ್' ಆಕಾರದಲ್ಲಿದೆ, ಬಲಗಡೆ ಗೋಡೆಯೇ ಇಲ್ಲ. 5.1 ಸ್ಪೀಕರ್ ಹೇಗೆ ಜೋಡಿಸುವುದು? 7.1 ತೆಗೆದುಕೊಂಡರೆ ಆ ಮೂಲೆಯೂ ತುಂಬುತ್ತದಾ?

ಬಲಗಡೆ ಗೋಡೆಯೇ ಇಲ್ಲ ಅಂತ ಓದಿದ್ದೇ ತಡ, ನಮ್ಮ ಚಾವಡಿ, ಅಂದರೆ ಹಾಲ್, ಕಣ್ಣೆದುರು ಬಂತು.

ನಮ್ಮದು ಕಾಸರಗೋಡಿನ ಬದಿಯಡ್ಕದ ಹತ್ತಿರ, ಹಂಚಿನ ಹಳೇ ಮನೆ. ಚಾವಡಿ 20 ಅಡಿ ಉದ್ದ, 12 ಅಡಿ ಅಗಲ. ತಂಗಿಯ ಮದುವೆಗೆ ಜಾಗ ಸಾಲದು ಅಂತ ಬಲಗಡೆಯ ಮುರಕಲ್ಲಿನ ಗೋಡೆಯನ್ನು ಒಡೆದು, ಪಕ್ಕದ ಜಗಲಿಯನ್ನು ಒಳಗೆ ಸೇರಿಸಿಕೊಂಡೆವು. ಹಂಚಿನ ಮಾಡಿಗೆ ಆಧಾರ ಬೇಕಲ್ಲ, ಮೇಸ್ತ್ರಿ ಮಧ್ಯದಲ್ಲಿ ಒಂದು ದಪ್ಪ ಕಂಬ ಉಳಿಸಿದರು. ಮದುವೆ ಚೆನ್ನಾಗಿಯೇ ಆಯಿತು. ಚಾವಡಿ ಮಾತ್ರ ಅವತ್ತಿನಿಂದ ಸೊಟ್ಟ.

ಮರುವರ್ಷ ಅಡಿಕೆ ದುಡ್ಡು ಕೈಗೆ ಬಂದಾಗ ಮಂಗಳೂರಿಗೆ ಹೋಗಿ 5.1 ಸೆಟ್ ತಂದೆ: ಮುಂದೆ ಮೂರು, ಹಿಂದೆ ಎರಡು ಸ್ಪೀಕರ್, ಬಾಸಿಗೆ ಒಂದು ಸಬ್‌ವೂಫರ್. ಯಕ್ಷಗಾನದ ಡಿವಿಡಿಗಳ ರಾಶಿಯೇ ಇತ್ತು ನನ್ನ ಹತ್ತಿರ. ಚೆಂಡೆ ಮನೆಯೆಲ್ಲ ಕೇಳಬೇಕು ಅನ್ನುವ ಹುಚ್ಚು. ಆಗ ನನ್ನ ಲೆಕ್ಕವೂ ನಿಮ್ಮದೇ: ಮೂಲೆ ಖಾಲಿ ಇದೆ, ಅಲ್ಲಿಗೊಂದು ಸ್ಪೀಕರ್ ಹಾಕಿದರೆ ತುಂಬುತ್ತದೆ. ಸೋಫಾ ಹಿಂದಿನ ಗೋಡೆಗೆ ಒರಗಿತ್ತು, ಎಲ್ಲರ ಮನೆಯ ಹಾಗೆ. ಎಡ ಹಿಂದಿನ ಸ್ಪೀಕರ್ ಸೋಫಾದಿಂದ 4 ಅಡಿ ದೂರದಲ್ಲಿ. ಬಲದ್ದನ್ನು ಜಗಲಿಯ ಕೊನೇ ಮೂಲೆಯಲ್ಲಿ ತೂಗು ಹಾಕುವುದು ಅಂತ ತೀರ್ಮಾನ. ಅಳೆದರೆ 18 ಅಡಿ.

ವಯರು ಹೋಗಬೇಕಾದರೆ ಗೋಡೆ ಇಲ್ಲ. ಹಾಗಾಗಿ ನೆಲ ಕೊರೆದೆವು.

ಅದು ಅಜ್ಜನ ಕಾಲದ ರೆಡ್ ಆಕ್ಸೈಡ್ ನೆಲ. ಕಾಲಿನಡಿಯಲ್ಲಿ ಉಜ್ಜಿ ಉಜ್ಜಿ ಕನ್ನಡಿಯ ಹಾಗಾಗಿತ್ತು. ವಯರಿಂಗಿಗೆ ಬಂದ ಹುಡುಗ ಮಲಯಾಳಿ, ಕಟ್ಟರ್ ಮೆಷಿನ್ ಹಿಡಿದುಕೊಂಡು ಜಗಲಿಯ ಮೂಲೆ ತೋರಿಸಿ "ಇವಿಡೆ ಮತಿಯೋ?" ಅಂತ ಕೇಳಿದ. ಇಲ್ಲಿ ಸಾಕಾ ಅಂತ. ನಾನು ಠೀವಿಯಲ್ಲಿ "ಮತಿ" ಅಂದೆ. ಮಲಯಾಳದ ಮತಿ ಬಾಯಲ್ಲಿತ್ತು, ಕನ್ನಡದ ಮತಿ ತಲೆಯಲ್ಲಿರಲಿಲ್ಲ. ಒಂದು ಗಂಟೆಯಲ್ಲಿ 22 ಅಡಿ ಉದ್ದದ ಗೆರೆ. ಅದರೊಳಗೆ ವಯರು ಮಲಗಿಸಿ, ಪೈಪು ಕೂಡ ಹಾಕದೆ, ಸಿಮೆಂಟ್ ಮುಚ್ಚಿ ಮೇಲೆ ಕೆಂಪು ಬಳಿದದ್ದಾಯಿತು. ಹಳೇ ನೆಲದ ಬಣ್ಣ ಬೇರೆ, ಹೊಸ ಕೆಂಪು ಬೇರೆ. ಗಾಯ ಹೊಲಿದ ಹಾಗೆ ಕಾಣುತ್ತಿತ್ತು. ಅಮ್ಮ ಏನೂ ಹೇಳಲಿಲ್ಲ. ಒಂದು ವಾರ ಆ ಗೆರೆಯನ್ನು ತುಳಿಯದೆ ದಾಟಿಕೊಂಡೇ ನಡೆದಳು.

ರಾತ್ರಿ ಹಾಕಿ ಕೇಳಿದರೆ ಬಲಗಡೆಯ ಸ್ಪೀಕರ್ ಇದ್ದೂ ಇಲ್ಲದ ಹಾಗೆ. ಪಕ್ಕದ ಮನೆಯಲ್ಲಿ ಯಾರೋ ರೇಡಿಯೋ ಹಾಕಿದಷ್ಟೇ ಸದ್ದು.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನೀವು ಈಗ ಅದೇ ಹೊಂಡದ ಅಂಚಿನಲ್ಲಿದ್ದೀರಿ. ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ. ಅಂದರೆ ಒಂದು ಅಡಿಗೆ ಒಂದು ಮಿಲಿಸೆಕೆಂಡಿಗಿಂತ ಸ್ವಲ್ಪ ಕಮ್ಮಿ. 4 ಅಡಿಗೂ 18 ಅಡಿಗೂ ವ್ಯತ್ಯಾಸ 14 ಅಡಿ, ಬಲದ ಸದ್ದು ಸುಮಾರು 12 ಮಿಲಿಸೆಕೆಂಡ್ ತಡ. ಇದು ದೊಡ್ಡ ವಿಷಯವಲ್ಲ. ರಿಸೀವರ್‌ನಲ್ಲಿ, ಅಂದರೆ ಎಲ್ಲ ಸ್ಪೀಕರಿಗೂ ಸದ್ದು ಹಂಚುವ ಪೆಟ್ಟಿಗೆಯಲ್ಲಿ, ಪ್ರತಿ ಸ್ಪೀಕರಿನ ದೂರ ತುಂಬಿಸಿದರೆ ಹತ್ತಿರದ್ದನ್ನು ಅದೇ ತಡೆದು ನಿಲ್ಲಿಸುತ್ತದೆ. ಸದ್ದು ಕಮ್ಮಿಯಾದರೆ ಅದನ್ನೂ ಅಲ್ಲೇ ಏರಿಸಬಹುದು. ನಾನು ಎರಡೂ ಮಾಡಿದೆ. ಮೂರು ರಾತ್ರಿ ರಿಮೋಟ್ ಹಿಡಿದುಕೊಂಡು ಕೂತೆ.

ಸರಿಯಾಗದೇ ಇದ್ದದ್ದು ಕಂಬದಿಂದ. ಸೋಫಾದಲ್ಲಿ ಕೂತರೆ ಜಗಲಿಯ ಆ ಮೂಲೆ ಕಂಬದ ಮರೆಯಲ್ಲಿ. 100 ಹರ್ಟ್ಸ್‌ನ ತಗ್ಗು ಶಬ್ದದ ಅಲೆ 3 ಮೀಟರಿಗಿಂತ ಉದ್ದ, ಅದು ಕಂಬವನ್ನು ಲೆಕ್ಕಕ್ಕೇ ಇಡದೆ ಸುತ್ತಿಕೊಂಡು ಬರುತ್ತದೆ. 10,000 ಹರ್ಟ್ಸ್‌ನ ಕೀರಲು ಶಬ್ದದ್ದು ಮೂರೂವರೆ ಸೆಂಟಿಮೀಟರ್ ಅಷ್ಟೇ. ಅದಕ್ಕೆ ಕಂಬ ಅಂದರೆ ಗೋಡೆಯೇ. ಚಕ್ರತಾಳದ ಕಿಣಿಕಿಣಿ, ಗೆಜ್ಜೆ, ಮಾತಿನ ಸ, ಶ, ಎಲ್ಲ ಕಂಬಕ್ಕೆ ಬಡಿದು ಜಗಲಿಯಲ್ಲೇ ಉಳಿಯುತ್ತಿತ್ತು. ವಾಲ್ಯೂಮ್ ಏರಿಸಿದಷ್ಟೂ ಗೊಜಗೊಜ ಜಾಸ್ತಿ. ಕೂತಲ್ಲಿಂದ ಸ್ಪೀಕರಿನ ಮುಖ ಕಾಣಬೇಕು. ಕಾಣದಿದ್ದರೆ ಅದನ್ನು ಇಡುವ ಜಾಗ ಅದಲ್ಲ. ಇಷ್ಟು ತಿಳಿಯಲು ಒಂದು ಕುರ್ಚಿ, ಎರಡು ಕಣ್ಣು ಸಾಕಿತ್ತು. ನಾನು ಕೂತು ನೋಡಲಿಲ್ಲ. ನಿಂತುಕೊಂಡು, ಕೋಣೆಯ ನಕ್ಷೆ ನೋಡಿ, ಮೂಲೆ ಎಣಿಸಿದೆ. ಸ್ಪೀಕರ್ ಕೇಳುವುದು ಕೋಣೆಯಲ್ಲ ಮಾರಾಯ್ರೇ, ಕೂತವರು.

ಹಾಗಾಗಿ 7.1ರ ಮಾತು ಬಿಡಿ. ಆ ಹೆಚ್ಚಿನ ಎರಡು ಸ್ಪೀಕರ್ ನಿಮ್ಮ ಬೆನ್ನ ಹಿಂದೆ ಕೂರಬೇಕಾದವು, ಖಾಲಿ ಮೂಲೆ ತುಂಬುವುದಕ್ಕೆ ಮಾಡಿದ್ದಲ್ಲ. ಆ ಮೂಲೆಯನ್ನು ಯಾಕೆ ತುಂಬಬೇಕು? ಅಲ್ಲಿ ಕೂತು ಯಾರಾದರೂ ಸಿನಿಮಾ ನೋಡುತ್ತಾರಾ?

ನಾನು ಕೊನೆಗೆ ಮಾಡಿದ್ದು ಇಷ್ಟು. ಸೋಫಾವನ್ನು ಗೋಡೆಯಿಂದ ಎಳೆದು ಟಿವಿಯಿಂದ ಸುಮಾರು 7 ಅಡಿಗೆ ತಂದೆ. ಮನೆಯಲ್ಲಿ ಯುದ್ಧವೇ ಆಯಿತು, "ಚಾವಡಿ ನಡುವೆ ಸೋಫಾ ಇಟ್ಟರೆ ಬಂದವರು ನಡೆಯುವುದೆಲ್ಲಿ?" ಅಂತ. ಆದರೆ ಗೋಡೆಗೆ ಒರಗಿ ಕೂತರೆ ಬಾಸ್ ಗುಂಯ್ ಅನ್ನುತ್ತದೆ, ಹಿಂದಿನ ಸ್ಪೀಕರಿಗೆ ಹಿಂದೆ ಜಾಗವೂ ಇರುವುದಿಲ್ಲ. ಮುಂದಿನ ಎರಡು ಸ್ಪೀಕರಿನ ನಡುವೆ 8 ಅಡಿ, ಕೂರುವ ಜಾಗದಿಂದ ಒಂದೊಂದಕ್ಕೂ 8 ಅಡಿ. ನೂಲು ಹಿಡಿದು ಮೂರು ಬದಿ ಸಮ ಬರುವ ಹಾಗೆ ಅಳೆದೆ, ಆಗ ನೇರ ಗೆರೆಯಿಂದ ಆಚೆಗೆ 30, ಈಚೆಗೆ 30 ಡಿಗ್ರಿ ಬರುತ್ತದೆ. ಮಧ್ಯದ್ದು ಟಿವಿಯ ಕೆಳಗೆ, ಮುಖ ಸ್ವಲ್ಪ ಮೇಲಕ್ಕೆ ಎತ್ತಿ, ಕಿವಿಯ ಕಡೆಗೆ. ಹಿಂದಿನವು ಎರಡೂ ಸುಮಾರು 110 ಡಿಗ್ರಿಯಲ್ಲಿ, ಅಂದರೆ ಪಕ್ಕದಿಂದ ಸ್ವಲ್ಪವೇ ಹಿಂದೆ, ಕಿವಿಗಿಂತ ಒಂದಡಿ ಮೇಲೆ. ಬಲಕ್ಕೆ ಗೋಡೆ ಇಲ್ಲದ ಕಾರಣ ಹಳೇ ಬಾಗಿಲಿನ ದಾರಂದದ ಮರದಲ್ಲಿ ಒಂದು ಸ್ಟ್ಯಾಂಡ್ ಮಾಡಿಸಿದೆ, ಅದು ಕಂಬದ ಈಚೆಗೆ ನಿಂತಿದೆ. ಎಡದ ಸ್ಪೀಕರಿಗೂ ಅಂಥದ್ದೇ ಸ್ಟ್ಯಾಂಡ್, ಅಷ್ಟೇ ದೂರ. ಗೋಡೆ ಹತ್ತಿರ ಇದೆ ಅಂತ ಎಡದ್ದನ್ನು ಗೋಡೆಗೆ ಹೊಡೆಯಬೇಡಿ, ಎರಡೂ ಒಂದೇ ತರ ಇರಲಿ.

ಸಬ್‌ವೂಫರ್ ಕಥೆ ಬೇರೆ. ಸುಮಾರು 80 ಹರ್ಟ್ಸ್‌ನಿಂದ ಕೆಳಗೆ ಸದ್ದು ಯಾವ ದಿಕ್ಕಿನಿಂದ ಬಂತು ಅಂತ ಕಿವಿಗೆ ಗೊತ್ತಾಗುವುದಿಲ್ಲ, ಹಾಗಾಗಿ ಎಲ್ಲಿ ಬೇಕಾದರೂ ಇಡಬಹುದು. ಆದರೆ ಎಲ್ಲಿ ಇಟ್ಟರೂ ಒಂದೇ ತರ ಕೇಳುವುದಿಲ್ಲ. ಸೋಫಾದ ಮೇಲೆ ನೀವು ಕೂರುವ ಜಾಗದಲ್ಲಿ ಸಬ್‌ವೂಫರ್ ಕೂರಿಸಿ, ಬಾಸ್ ಇರುವ ಹಾಡು ಹಾಕಿ, ನೀವು ನೆಲದಲ್ಲಿ ಅಂಬೆಗಾಲಿಡುತ್ತಾ ಹೋಗಿ. ಎಲ್ಲಿ ಬಾಸ್ ಶುದ್ಧವಾಗಿ, ಗುಂಯ್ ಅನ್ನದೆ ಕೇಳುತ್ತದೋ ಅಲ್ಲಿ ಅದನ್ನು ಇಡಿ. ನಾನು ಹಾಗೆ ಮೊಣಕಾಲಲ್ಲಿ ಹರಿದಾಡುವಾಗ ಪಕ್ಕದ ಮನೆಯ ಭಾವ ಹಾಲಿನ ಪಾತ್ರೆ ಹಿಡಿದು ಬಂದರು. "ಎಂತ ಭಾವ, ಉಂಗುರ ಕಳೆದು ಹೋಯ್ತಾ?" ನಮ್ಮಲ್ಲಿ ಚೆನ್ನಾಗಿ ಕೇಳಿದ್ದು ಆ ಕಂಬದ ಬುಡದಲ್ಲಿ. ಅಷ್ಟು ಉಪದ್ರ ಕೊಟ್ಟ ಕಂಬ!

ಹಂಚಿನ ಮಾಡಿನ ಮನೆಯಾದರೆ ಇನ್ನೊಂದು. ತಲೆಯ ಮೇಲಿಂದಲೂ ಸದ್ದು ಬರುವ ಹಾಗೆ ಮಾಡುವ, ಮೇಲಕ್ಕೆ ಮುಖ ಮಾಡಿದ ಅಟ್ಮಾಸ್ ಸ್ಪೀಕರನ್ನು ಅಂಗಡಿಯಲ್ಲಿ ತೋರಿಸುತ್ತಾರೆ. ಅದು ಸಮತಟ್ಟಾದ ಸ್ಲ್ಯಾಬಿಗೆ ಬಡಿದು ಕೆಳಗೆ ಬರುವ ಲೆಕ್ಕದಲ್ಲಿ ಮಾಡಿದ್ದು. ಇಳಿಜಾರು ಮಾಡು, ಪಕ್ಕಾಸು, ರೀಪು ಇದ್ದಲ್ಲಿ ಸದ್ದು ಇನ್ನೆಲ್ಲಿಗೋ ಹೋಗುತ್ತದೆ. ದುಡ್ಡು ಉಳಿಸಿ. ಜೂನ್ ಬಂದರೆ ಹೇಗೂ ಹಂಚಿನ ಮೇಲೆ ಮಳೆಯೇ ಮೇಲಿನ ಸ್ಪೀಕರ್.

ಮತ್ತೆ, ಖಾಲಿ ಮೂಲೆಗೆ ಸ್ಪೀಕರ್ ಬೇಡ ಅಂದೆನಲ್ಲ, ಬೇರೆ ಏನಾದರೂ ಇಡಿ. ನಮ್ಮ ಜಗಲಿಯಲ್ಲಿ ಅಡಿಕೆ ಗೋಣಿ ಪೇರಿಸಿಟ್ಟ ತಿಂಗಳುಗಳಲ್ಲಿ ಮಾತು ಸ್ಪಷ್ಟ, ಸದ್ದು ಹದ. ಅಡಿಕೆ ಮಾರಿದ ಮರುದಿನ ಚಾವಡಿ ಬಾವಿಯ ಹಾಗೆ ಮೊಳಗುತ್ತದೆ. ನಿಮ್ಮಲ್ಲಿ ಗೋಣಿ ಇರಲಿಕ್ಕಿಲ್ಲ, ದಪ್ಪ ಪರದೆ, ಪುಸ್ತಕದ ಕಪಾಟು, ಹಾಸಿಗೆ ಸುರುಳಿ ಇದ್ದರೂ ಆದೀತು.

ನೆಲ, ಗೋಡೆ ಏನನ್ನೂ ಈಗಲೇ ಕೊರೆಯಬೇಡಿ. ವಯರನ್ನು ಸುಮ್ನೆ ನೆಲದ ಮೇಲೆ ಬಿಟ್ಟು ಒಂದು ತಿಂಗಳು ಕೇಳಿ. ಎಡವಿ ಬಿದ್ದರೂ ಪರವಾಗಿಲ್ಲ. ಆಮೇಲೂ ಮುಚ್ಚಲೇಬೇಕಾದರೆ ಪೈಪಿನೊಳಗೆ ಹಾಕಿ, ನಾಳೆ ಎಳೆದು ತೆಗೆಯಬಹುದು.

ನಮ್ಮದನ್ನು ತೆಗೆಯಲು ಆಗಲಿಲ್ಲ. 22 ಅಡಿ ತಾಮ್ರ ಈಗಲೂ ನೆಲದೊಳಗೇ ಇದೆ. ಅದರ ತುದಿ ಜಗಲಿಯ ಮೂಲೆಯ ಗೋಡೆಯಿಂದ ಹೊರಗೆ ಇಣುಕುತ್ತದೆ. ಅಮ್ಮ ಅದನ್ನು ಕೊಕ್ಕೆಯ ಹಾಗೆ ಬಗ್ಗಿಸಿ ಪಂಚಾಂಗ ತೂಗು ಹಾಕಿದ್ದಾಳೆ.