ಹೊಸ ಆಪ್ ಬೇಡ, ನೋಟ್ಸ್ ಸರಿ ಮಾಡಿಕೊಡಿ

ಪ್ರಶ್ನೆ: ಮೇಡಂ, ನಾನು ಕಂಪ್ಯೂಟರ್ ಸೈನ್ಸ್ ಡಿಪ್ಲೊಮಾ ಕೊನೆಯ ವರ್ಷದಲ್ಲಿದ್ದೇನೆ. ನಮ್ಮ ಬೀದಿಯಲ್ಲಿ ಕಣ್ಣು ಕಾಣದ ಹುಡುಗನೊಬ್ಬ ಇದ್ದಾನೆ. ರೈಲಿನಲ್ಲಿ ಮಂಡ್ಯಕ್ಕೆ ಹೋಗಿ ಕನ್ನಡ ಮಾಧ್ಯಮದಲ್ಲಿ ಬಿ.ಎ. ಓದುತ್ತಾನೆ. ಇಲ್ಲಿಯವರೆಗೆ ಅವನ ಅಕ್ಕ ನೋಟ್ಸ್ ಓದಿ ಹೇಳುತ್ತಿದ್ದರು. ಈಗ ಅವರ ಮದುವೆ ಗೊತ್ತಾಗಿದೆ. ನೋಟ್ಸ್ ಓದಿ ಹೇಳುವ ಒಂದು ಆಪ್ ಮಾಡಿಕೊಡಬೇಕು ಅಂತ ನನಗೆ ಆಸೆ. ಎಲ್ಲಿಂದ ಶುರು ಮಾಡಲಿ?
— ವಿದ್ಯಾರ್ಥಿನಿ, ಮದ್ದೂರು

ಉತ್ತರ: ನಿಮ್ಮ ಪತ್ರ ಓದಿ ಖುಷಿಯಾಯಿತು. ಆದರೆ ಆಪ್ ಮಾಡಲು ಕೂರಬೇಡಿ. ಅದು ತಯಾರಾಗುವ ಹೊತ್ತಿಗೆ ಅವನ ಪರೀಕ್ಷೆಯೇ ಮುಗಿದಿರುತ್ತದೆ. ಪರದೆ ಮೇಲಿರುವುದನ್ನು ಓದಿ ಹೇಳುವ ತಂತ್ರಾಂಶ ಆಗಲೇ ಇದೆ, ಅದೂ ಪುಕ್ಕಟೆ. ಎನ್‌ವಿಡಿಎ ಅಂತ ಹೆಸರು. ಆಸ್ಟ್ರೇಲಿಯಾದ ಮೈಕೆಲ್ ಕರನ್ 2006ರಲ್ಲಿ ಶುರು ಮಾಡಿದ್ದು. ಅವರಿಗೂ ಕಣ್ಣು ಕಾಣಿಸುವುದಿಲ್ಲ. ವಿಂಡೋಸ್ ಇರುವ ಲ್ಯಾಪ್‌ಟಾಪ್‌ಗೆ ಹಾಕಿಕೊಡಿ. ಅದರ ಜೊತೆಗೇ ಬರುವ ಇಸ್ಪೀಕ್ ದನಿ ಕನ್ನಡ ಓದುತ್ತದೆ. ದನಿ ಸ್ವಲ್ಪ ಒರಟು, ಆದರೆ ಕಿವಿಗೆ ಒಗ್ಗುತ್ತದೆ. ಮೈಸೂರಿನಲ್ಲಿ ನನ್ನ ಹತ್ತಿರ ಕಲಿಯಲು ಬರುವ ಮಕ್ಕಳು ಅದನ್ನು ಎಷ್ಟು ಜೋರಾಗಿ ಓಡಿಸುತ್ತಾರೆಂದರೆ ನನಗೆ ಒಂದು ಮಾತೂ ತಿಳಿಯುವುದಿಲ್ಲ, ಅವರಿಗೆ ಎಲ್ಲ ತಿಳಿಯುತ್ತದೆ! ಆಂಡ್ರಾಯ್ಡ್ ಫೋನಿನಲ್ಲಿ ಇದೇ ಕೆಲಸಕ್ಕೆ ಟಾಕ್‌ಬ್ಯಾಕ್ ಇದೆ. ರೈಲಿನಲ್ಲಿ ಕೇಳುವಾಗ ಇಯರ್‌ಫೋನ್ ಒಂದೇ ಕಿವಿಗೆ ಹಾಕಿಕೊಳ್ಳಲು ಹೇಳಿ. ಸ್ಟೇಷನ್ ಬಂದದ್ದು ತಿಳಿಯಲು ಇನ್ನೊಂದು ಕಿವಿ ಬೇಕಲ್ವಾ?

ನಿಜವಾದ ತೊಡಕು ಇರುವುದು ನೋಟ್ಸಿನಲ್ಲಿ. ನನ್ನ ಕೈಗೆ ಬರುವ ಕಾಲೇಜು ನೋಟ್ಸಿನಲ್ಲಿ ಜಾಸ್ತಿ ಪಾಲು 'ನುಡಿ' ಅಥವಾ 'ಬರಹ' ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ್ದು. ನಮ್ಮ ಕಣ್ಣಿಗೆ ಅದು ಕನ್ನಡ. ಫೈಲಿನ ಒಳಗಿರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಕಲಸುಮೇಲೋಗರ. ಫಾಂಟು ಅದಕ್ಕೆ ಕನ್ನಡದ ಆಕಾರ ತೊಡಿಸಿರುತ್ತದೆ, ಅಷ್ಟೇ. ಎನ್‌ವಿಡಿಎ ಆಕಾರ ನೋಡುವುದಿಲ್ಲ, ಒಳಗಿರುವುದನ್ನೇ ಓದುತ್ತದೆ. 'ಹೊಯ್ಸಳರು' ಅಂತ ಇರುವ ಕಡೆ ಹುಡುಗನಿಗೆ ಏನೇನೋ ಸದ್ದು ಕೇಳಿಸುತ್ತದೆ. ತಂತ್ರಾಂಶಕ್ಕೆ ಕನ್ನಡವೇ ಬರುವುದಿಲ್ಲ ಅಂದುಕೊಂಡು ಬಿಟ್ಟುಬಿಟ್ಟ ಮಕ್ಕಳನ್ನು ನಾನು ನೋಡಿದ್ದೇನೆ. ಓದುವ ಹಂಬಲ ಇದ್ದೂ ಹೀಗೆ ಕೈಚೆಲ್ಲುತ್ತಾರಲ್ಲ, ಹೊಟ್ಟೆ ಉರಿಯುತ್ತದೆ.

ನಿಮ್ಮ ಓದು ಇಲ್ಲಿ ಕೆಲಸಕ್ಕೆ ಬರಲಿ. ಹಳೆಯ ಫಾಂಟಿನ ಬರಹವನ್ನು, ಪ್ರತಿ ಕನ್ನಡ ಅಕ್ಷರಕ್ಕೂ ತನ್ನದೇ ಸಂಕೇತ ಇರುವ ಯೂನಿಕೋಡ್‌ಗೆ ತಿರುಗಿಸುವ ಪರಿವರ್ತಕಗಳು ಪುಕ್ಕಟೆ ಸಿಗುತ್ತವೆ. ಸ್ಕ್ಯಾನ್ ಮಾಡಿದ ಪುಟವಾದರೆ ಗೂಗಲ್ ಡ್ರೈವ್‌ಗೆ ಹಾಕಿ, ಗೂಗಲ್ ಡಾಕ್ಸ್‌ನಲ್ಲಿ ತೆರೆಯಿರಿ. ಚಿತ್ರದಲ್ಲಿರುವ ಕನ್ನಡ ಅಕ್ಷರವಾಗಿ ಬರುತ್ತದೆ. ಒತ್ತಕ್ಷರ, ಇಸವಿ ತಪ್ಪಿರಬಹುದು, ಮೂಲದ ಜೊತೆ ಇಟ್ಟು ತಿದ್ದಿ. ಇತಿಹಾಸದ ನೋಟ್ಸಿನಲ್ಲಿ ಇಸವಿ ತಪ್ಪಿದರೆ ಅವನು ತಪ್ಪನ್ನೇ ಬಾಯಿಪಾಠ ಮಾಡುತ್ತಾನೆ. ತಲೆಬರಹಗಳಿಗೆ ವರ್ಡ್‌ನಲ್ಲಿರುವ ಹೆಡಿಂಗ್ ಸ್ಟೈಲ್ ಕೊಡಿ. ಸುಮ್ನೆ ದಪ್ಪ ಅಕ್ಷರ ಮಾಡಿದರೆ ಸಾಲದು. ಹೆಡಿಂಗ್ ಇದ್ದರೆ ಬೇಕಾದ ಪಾಠಕ್ಕೆ ನೇರವಾಗಿ ಹೋಗಬಹುದು, ಇಲ್ಲದಿದ್ದರೆ ಮೊದಲಿನಿಂದ ಕೇಳುತ್ತಾ ಕೂರಬೇಕು. ಯಾವ ವಿಷಯ ಮೊದಲು ಬೇಕು ಅಂತ ಅವನನ್ನೇ ಕೇಳಿ. ಅಕ್ಕನನ್ನಲ್ಲ, ಅಮ್ಮನನ್ನಲ್ಲ.

ಕಲಿಸುವಾಗ ಮೌಸ್ ಪಕ್ಕಕ್ಕಿಡಿ. ಎಫ್ ಮತ್ತು ಜೆ ಕೀಲಿಗಳ ಮೇಲೆ ಸಣ್ಣ ಉಬ್ಬು ಇರುತ್ತದೆ, ಬೆರಳು ಅಲ್ಲಿಂದ ಶುರುವಾಗಲಿ. ಇನ್ಸರ್ಟ್ ಜೊತೆ ಕೆಳಬಾಣ ಒತ್ತಿದರೆ ಓದುತ್ತಾ ಹೋಗುತ್ತದೆ, ಕಂಟ್ರೋಲ್ ಒತ್ತಿದರೆ ನಿಲ್ಲುತ್ತದೆ. ಮೊದಲ ದಿನಕ್ಕೆ ಇಷ್ಟು ಸಾಕು. 'ಅಲ್ಲಿ ಒತ್ತು' ಅನ್ನಬೇಡಿ, ಕೀಲಿಯ ಹೆಸರು ಹೇಳಿ. ಅವನು ಹುಡುಕುತ್ತಾ ನಿಧಾನ ಮಾಡಿದರೂ ನೀವು ಕೈ ಹಾಕಬೇಡಿ. ಆಮೇಲೆ ಕನ್ನಡಕ್ಕಾಗಿ ಕೆ.ಪಿ. ರಾವ್ ರೂಪಿಸಿದ ಕೀಲಿಮಣೆ ವಿನ್ಯಾಸದಲ್ಲಿ ಟೈಪಿಂಗ್ ಕಲಿಸಿ.

ಪರೀಕ್ಷೆಯ ವಿಚಾರವೂ ತಿಳಿದಿರಲಿ. ಕೇಂದ್ರ ಸರ್ಕಾರದ ಮಾರ್ಗಸೂಚಿ ಪ್ರಕಾರ, ಲಿಪಿಕಾರರ (ಹೇಳಿದ ಉತ್ತರ ಬರೆದುಕೊಡುವವರ) ಸಹಾಯ ಪಡೆಯಲು ಅವಕಾಶ ಇರುವವರಿಗೆ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚು ಸಮಯ ಕೊಡಬೇಕು. ಕಂಪ್ಯೂಟರಿನಲ್ಲಿ ಉತ್ತರ ಬರೆಯುವ ಆಯ್ಕೆಯನ್ನೂ ಅದು ಹೇಳುತ್ತದೆ. ಪರೀಕ್ಷೆ ಹತ್ತಿರ ಬರುವ ತನಕ ಕಾಯದೆ ಕಾಲೇಜಿಗೆ ಈಗಲೇ ಅರ್ಜಿ ಕೊಡಲಿ. ಆ ಅರ್ಜಿ ಟೈಪ್ ಮಾಡುವುದು ಅವನೇ.