ಹಾಡು ನಡೆದಾಗ ಕಾಲು ಸುಮ್ಮನಿರಬೇಕು

ಓದುಗರ ಪ್ರಶ್ನೆ. ಸ್ಪೇನಿನ ಸೆವಿಯಾದಲ್ಲಿ ಕಲಿತು, ಅಲ್ಲಿಯೇ ಕೆಲಕಾಲ ವೇದಿಕೆ ಏರಿ, ಈಗ ಬಳ್ಳಾರಿಯಲ್ಲಿ ಭರತನಾಟ್ಯದ ಜೊತೆಗೆ ಫ್ಲಮೆಂಕೊ (ಹಾಡು, ಗಿಟಾರ್, ಕಾಲ್ಬಡಿತ ಕೂಡಿದ ಸ್ಪೇನಿನ ನೃತ್ಯ) ಕಲಿಸುತ್ತಿರುವ ನೃತ್ಯಶಿಕ್ಷಕಿ ಈ ಸಲ ಉತ್ತರಿಸಿದ್ದಾರೆ.

ಮೇಡಂ, ನಾನು ದ್ವಿತೀಯ ಪಿಯುಸಿ. ಭರತನಾಟ್ಯ ಜೂನಿಯರ್ ಮುಗಿದಿದೆ. ಮೊಬೈಲಿನಲ್ಲಿ ಫ್ಲಮೆಂಕೊ ನೋಡಿದಾಗಿನಿಂದ ಅದೇ ಗುಂಗು. ಅದನ್ನೇ ವೃತ್ತಿ ಮಾಡಿಕೊಳ್ಳಬಹುದೇ? ಅಪ್ಪ ‘ಹೊಟ್ಟೆಗೆ ಏನು ತಿಂತೀ?’ ಅಂತಾರೆ.
– ವಿದ್ಯಾರ್ಥಿನಿ, ಸಿರುಗುಪ್ಪ

ಅಪ್ಪನ ಪ್ರಶ್ನೆಯಿಂದಲೇ ಶುರು ಮಾಡೋಣ ತಂಗಿ, ಅದರಲ್ಲಿ ತಪ್ಪೇನಿಲ್ಲ. ನನ್ನ ಕ್ಲಾಸಿನ ಬಾಡಿಗೆ, ಕರೆಂಟ್ ಬಿಲ್ಲು ಎರಡನ್ನೂ ಕಟ್ಟುವುದು ಭರತನಾಟ್ಯ. ಸಂಜೆ ಮಕ್ಕಳು ತಟ್ಟಡವು ಮುಗಿಸಿ ಮನೆಗೆ ಹೋದ ಮೇಲೆ ಫ್ಲಮೆಂಕೊದ ಸಣ್ಣ ಗುಂಪು ಬರುತ್ತದೆ. ಡಿಸೆಂಬರ್ ಬಂತೆಂದರೆ ಶಾಲೆಗಳ ಫೋನು: ‘ಮೇಡಂ, ಗ್ಯಾದರಿಂಗಿಗೆ ಒಂದು ಸ್ಪ್ಯಾನಿಶ್ ಐಟಂ ಮಾಡಿಸಿಕೊಡ್ರಿ, ಕೆಂಪು ಫ್ರಾಕು ನಾವೇ ತರಿಸ್ತೀವಿ.’ ಮಾಡಿಸಿಕೊಡುತ್ತೇನೆ, ದುಡ್ಡೂ ತಗೊಳ್ಳುತ್ತೇನೆ. ಕರಪತ್ರದಲ್ಲಿ ಮಾತ್ರ ಫ್ಲಮೆಂಕೊ ಅಂತ ಹಾಕಬೇಡಿ ಅನ್ನುತ್ತೇನೆ.

ಸ್ಪೇನಿನಲ್ಲಿ ಬೇರೆ ಥರ ಇರುತ್ತದೆ ಅಂದುಕೊಂಡಿದ್ದರೆ ಅದೂ ಇಲ್ಲ. ಅಲ್ಲಿ ತಬ್ಲಾವೊ ಅಂತ ಇರುತ್ತವೆ. ಒಂದು ಹಾಲು, ಒಂದಿಷ್ಟು ಮೇಜು ಕುರ್ಚಿ, ಮೂಲೆಯಲ್ಲಿ ಹಲಗೆಯ ಪುಟ್ಟ ವೇದಿಕೆ. ಹತ್ತೊಂಬತ್ತನೇ ಶತಮಾನದಲ್ಲಿ ಹಾಡು-ಕುಣಿತದ ಕಾಫಿ ಅಂಗಡಿಗಳಿದ್ದವು, ಕಲಾವಿದರಿಗೆ ದಿನಾ ಸಂಬಳ ಸಿಗತೊಡಗಿದ್ದೇ ಅಲ್ಲಿ. 1950ರ ದಶಕದಿಂದೀಚೆಗೆ ಆ ಜಾಗಕ್ಕೆ ತಬ್ಲಾವೊ ಬಂತು. ಪ್ರವಾಸಿಗರಿಗಾಗಿ ಒಂದೇ ರಾತ್ರಿ ಎರಡೆರಡು ಆಟ. ಆಟ ಇದ್ದರೆ ಸಂಬಳ, ಇಲ್ಲದಿದ್ದರೆ ಇಲ್ಲ. ಹೀಗಾಗಿ ರಾತ್ರಿ ಕುಣಿಯುವವರು ಬೆಳಗ್ಗೆ ಪಾಠ ಹೇಳುತ್ತಾರೆ. ನನಗೆ ಕಲಿಸಿದಾಕೆಯೂ ಹಾಗೆಯೇ, ರಾತ್ರಿಯ ಮೇಕಪ್ಪು ಕಣ್ಣಂಚಿನಲ್ಲಿ ಉಳಿದಿರುತ್ತಿತ್ತು, ಕೈಯಲ್ಲಿ ಕೋಲು ಹಿಡಿದು ನೆಲ ಕುಟ್ಟಿ ಲೆಕ್ಕ ಹಾಕುತ್ತಿದ್ದರು.

ದೊಡ್ಡ ತಂಡ ಸೇರುವ ಆಸೆಯಿದ್ದರೆ ಇನ್ನೊಂದು ವಿಷಯ. ಸ್ಪ್ಯಾನಿಶ್ ನೃತ್ಯ ಬೇರೆ, ಫ್ಲಮೆಂಕೊ ಬೇರೆ. ಫ್ಲಮೆಂಕೊ ದಕ್ಷಿಣದ ಆಂಡಲೂಸಿಯಾದ್ದು. ಸೆವಿಯಾ, ಹೆರೆಸ್, ಕಾದಿಸ್ ಅದರ ತವರು. ಬ್ಯಾಲೆಯ ಕಸರತ್ತಿರುವ ಎಸ್ಕುಯೆಲಾ ಬೊಲೇರಾ, ಅರಗಾನಿನ ಹೋತಾದಂಥ ಜಾನಪದ ಕುಣಿತ, ರಂಗಕ್ಕೆಂದೇ ಕಟ್ಟಿದ ಶಾಸ್ತ್ರೀಯ ಶೈಲಿ, ಇವು ಉಳಿದ ಮೂರು. 1978ರಲ್ಲಿ ಆಂತೊನಿಯೊ ಗಾದೆಸ್ ಮೊದಲ ನಿರ್ದೇಶಕರಾಗಿ ಸ್ಪೇನಿನ ರಾಷ್ಟ್ರೀಯ ಬ್ಯಾಲೆ ಶುರುವಾಯಿತು. ಅಂಥ ತಂಡದವರಿಗೆ ನಾಲ್ಕೂ ಬರಬೇಕು. ಹೊರಗಿನಿಂದ ಹೋದವರಿಗೆ ಬಾಗಿಲು ತುಸು ಸುಲಭವಾಗಿ ತೆರೆಯುವುದು ಫ್ಲಮೆಂಕೊದಲ್ಲಿ.

ಈಗ ನಿನ್ನ ಕೈಗೊಂದು ಕೆಲಸ. ಬುಲೆರಿಯಾ ಅನ್ನುವುದು ಫ್ಲಮೆಂಕೊದ ಒಂದು ಬಗೆ, ಅದಕ್ಕೆ ಹನ್ನೆರಡು ಮಾತ್ರೆ. ‘ತಕಿಟ ತಕಿಟ ತಕ ತಕ ತಕ’ ಅನ್ನುತ್ತಾ, ಪ್ರತಿ ಪದದ ಮೊದಲಕ್ಷರಕ್ಕೆ ಚಪ್ಪಾಳೆ ತಟ್ಟು. ಬಂತಲ್ಲ? ಆದರೆ ಸ್ಪೇನಿನವರು ಆ ಮೊದಲ ‘ತ’ವನ್ನು ಒಂದು ಅಂತ ಎಣಿಸುವುದಿಲ್ಲ, ಹನ್ನೆರಡು ಅಂತ ಎಣಿಸುತ್ತಾರೆ. ಒತ್ತು ಬೀಳುವುದು 12, 3, 6, 8, 10ರ ಮೇಲೆ. ನಮ್ಮ ಮಕ್ಕಳು ಒದ್ದಾಡುವುದು ಇಲ್ಲೇ. ತೀರ್ಮಾನ, ಅಂದರೆ ಜತಿಯ ಮುಕ್ತಾಯದ ಹೆಜ್ಜೆ ಹೊಡೆದು ಸಮಕ್ಕೆ, ತಾಳದ ಮೊದಲ ಮಾತ್ರೆಗೆ, ಬಂದು ನಿಲ್ಲುವುದು ನಮಗೆ ರಕ್ತಗತ. ಅಲ್ಲಿ ಸಾಲು ಸಾಮಾನ್ಯವಾಗಿ ಹತ್ತಕ್ಕೇ ಮುಗಿದುಬಿಡುತ್ತದೆ, ಹನ್ನೊಂದು ಖಾಲಿ. ಭರತನಾಟ್ಯ ಕಲಿತ ಹುಡುಗಿ ಆ ಖಾಲಿಯಲ್ಲಿ ಇನ್ನೊಂದು ಹೆಜ್ಜೆ ತುರುಕಿಯೇ ತುರುಕುತ್ತಾಳೆ.

ಮೊಬೈಲಿನಲ್ಲಿ ನೀನು ನೋಡಿದ್ದು ಬಹುಶಃ ಎಸ್ಕೊಬಿಯಾ, ಅಂದರೆ ಬರೀ ಕಾಲಿನ ಕೆಲಸ ನಡೆಯುವ ಭಾಗ. ಅದು ಒಂದು ಕುಣಿತದ ಒಂದು ತುಂಡು ಮಾತ್ರ. ಉಳಿದ ಹೊತ್ತು ಕುಣಿಯುವವಳು ಹಾಡುಗಾರನ ಕಡೆಗೇ ಕಿವಿ ಇಟ್ಟಿರುತ್ತಾಳೆ. ಆತ ಸಾಲು ಎತ್ತಿಕೊಂಡಾಗ ಕಾಲು ತಗ್ಗಿಸಬೇಕು. ತೋಳು, ಸೊಂಟ, ಒಂದು ತೂಗುಹೆಜ್ಜೆ, ಅಷ್ಟೇ. ಸಾಲು ಮುಗಿದ ಕೂಡಲೇ ಹೆಜ್ಜೆಯಿಂದಲೇ ಗಿಟಾರಿನವನಿಗೆ ಕರೆ ಕೊಡಬೇಕು, ‘ಇನ್ನು ನಾನು ಹೀಗೆ ಹೊರಟೆ’ ಅಂತ. ಅದಕ್ಕೆ ಯಾಮಾದಾ ಅನ್ನುತ್ತಾರೆ. ಹಾಡಿನ ಮೇಲೆ ಕಾಲು ಬಡಿಯುವವರನ್ನು ಅಲ್ಲಿನ ಹಾಡುಗಾರರು ಇನ್ನೊಂದು ಸಲ ಜೊತೆಗೆ ಕರೆಯುವುದಿಲ್ಲ. ಎಷ್ಟೋ ಒಳ್ಳೆಯ ಕಾಲುಗಳ ವೃತ್ತಿ ನಿಂತದ್ದು ಈ ಒಂದು ಕಾರಣಕ್ಕೆ.

ಹಾಗಾಗಿ ಡಿಗ್ರಿ ಬಿಡಬೇಡ. ಜೊತೆಗೆ ಸ್ಪ್ಯಾನಿಶ್ ಭಾಷೆ ಹಿಡಿ. ದಿಲ್ಲಿಯ ಸೆರ್ವಾಂತೆಸ್ ಸಂಸ್ಥೆ ಕಲಿಸುತ್ತದೆ. ಹಾಡು ಅರ್ಥವಾಗದಿದ್ದರೆ ಸಾಲು ಎಲ್ಲಿ ಮುಗಿಯುತ್ತದೆ ಅಂತ ಹೇಗೆ ತಿಳಿಯಬೇಕು? ಹೆರೆಸ್ ಊರಿನಲ್ಲಿ ವರ್ಷಕ್ಕೊಮ್ಮೆ ಫೆಬ್ರವರಿ-ಮಾರ್ಚಿನಲ್ಲಿ ಫ್ಲಮೆಂಕೊ ಉತ್ಸವ ನಡೆಯುತ್ತದೆ, ಹಗಲೆಲ್ಲ ಪಾಠ, ರಾತ್ರಿ ಆಟ. ಮೊದಲು ಅಲ್ಲಿಗೊಮ್ಮೆ ಹೋಗಿ ಬಾ. ಮ್ಯಾಡ್ರಿಡ್ಡಿನ ಆಮೊರ್ ದೆ ದಿಯೊಸ್, ಸೆವಿಯಾದ ಶಾಲೆಗಳು ಆಮೇಲಿನ ಮಾತು. ಅಪ್ಪನಿಗೆ ಹೇಳು, ಹೊಟ್ಟೆಗೆ ಪಾಠ ಹೇಳಿ ತಿಂತೀನಿ ಅಂತ.

ಫ್ಲಮೆಂಕೊ ನಮ್ಮ ಕಥಕ್‌ನಿಂದ ಹುಟ್ಟಿದ್ದು, ಲಂಬಾಣಿಗರೇ ಅದನ್ನು ಸ್ಪೇನಿಗೆ ಒಯ್ದರು ಎಂದು ವಾಟ್ಸಾಪಿನಲ್ಲಿ ಓದಿದೆ. ನಿಜವೇ?
– ನಿವೃತ್ತ ಶಿಕ್ಷಕರು, ಗಂಗಾವತಿ

ಮಾಸ್ತರರೇ, ಇದರಲ್ಲಿ ಅರ್ಧ ನಿಜ, ಇನ್ನರ್ಧ ನಮ್ಮ ಆಸೆ. ಫ್ಲಮೆಂಕೊ ಬೆಳೆಸಿದವರಲ್ಲಿ ಮುಖ್ಯರಾದ ಸ್ಪೇನಿನ ಗಿತಾನೊಗಳು ರೋಮಾ ಜನ, ಜಿಪ್ಸಿಗಳು ಅನ್ನುತ್ತೇವಲ್ಲ, ಅವರು. ಅವರ ಪೂರ್ವಿಕರು ಸುಮಾರು ಸಾವಿರ ವರ್ಷದ ಹಿಂದೆ ವಾಯವ್ಯ ಭಾರತದಿಂದ ಹೊರಟವರು ಎಂಬುದನ್ನು ಅವರ ಭಾಷೆಯೂ ಹೇಳುತ್ತದೆ, ರಕ್ತಪರೀಕ್ಷೆಯೂ ಹೇಳುತ್ತದೆ. 1425ರಲ್ಲಿ ಅರಗಾನಿನ ದೊರೆ ಐದನೇ ಅಲ್ಫೊನ್ಸೊ ಅಂಥ ಒಂದು ಗುಂಪಿಗೆ ರಹದಾರಿ ಪತ್ರ ಕೊಟ್ಟ ದಾಖಲೆಯಿದೆ. ಮುಂದೆ ಅವರನ್ನು ಅಷ್ಟೇನೂ ಚೆನ್ನಾಗಿ ನೋಡಿಕೊಳ್ಳಲಿಲ್ಲ. 1749ರಲ್ಲಿ ಸಾವಿರಾರು ಗಿತಾನೊಗಳನ್ನು ಹಿಡಿದು ಜೈಲಿಗೆ ಹಾಕಿದರು. ಆ ನೋವೆಲ್ಲ ಹಾಡಿನಲ್ಲಿ ಕೇಳುತ್ತದೆ.

ಆದರೆ ಕಾಲ ಹೊಂದಿಸಿ ನೋಡಿ. ಕಥಕ್ ಇವತ್ತಿನ ರೂಪಕ್ಕೆ ಬಂದದ್ದು ಲಖನೌ ದರ್ಬಾರಿನಂಥ ಕಡೆ, ಹತ್ತೊಂಬತ್ತನೇ ಶತಮಾನದಲ್ಲಿ. ಫ್ಲಮೆಂಕೊ ವೇದಿಕೆ ಹತ್ತಿದ್ದೂ ಅದೇ ಶತಮಾನ. ಅಷ್ಟರಲ್ಲಿ ರೋಮಾಗಳು ಭಾರತ ಬಿಟ್ಟು ಎಂಟು ಶತಮಾನ ಕಳೆದಿತ್ತು. ಇನ್ನೂ ಕಥಕ್ ಎನಿಸಿಕೊಳ್ಳದ ಕಥಕ್ಕನ್ನು ಅವರು ಹೊತ್ತೊಯ್ಯುವುದು ಹೇಗೆ? ಆಂಡಲೂಸಿಯಾದ ಹಳ್ಳಿ ಹಾಡು, ಹಿಂದೆ ಅಲ್ಲಿ ಆಳಿದ ಮುಸ್ಲಿಮರು (ಮೂರರು) ಬಿಟ್ಟುಹೋದ ಸಂಗೀತ, ಅಮೆರಿಕದಿಂದ ಹಡಗಿನಲ್ಲಿ ಬಂದ ತಾಳ, ಎಲ್ಲ ಬೆರೆತಿದೆ ಅದರಲ್ಲಿ. ಈಗ ಎಲ್ಲರೂ ಬಾರಿಸುವ ಆ ಮರದ ಪೆಟ್ಟಿಗೆ ಕಹೋನ್ ಪೆರು ದೇಶದ್ದು. ಗಿಟಾರ್ ವಾದಕ ಪಾಕೊ ದೆ ಲೂಸಿಯಾ 1970ರ ದಶಕದ ಕೊನೆಯಲ್ಲಿ ಅದನ್ನು ತಂದರು. ನನಗಿಂತ ಹಿರಿಯದೇನಲ್ಲ!

ಇನ್ನು ಲಂಬಾಣಿಗರ ವಿಷಯ. ಅವರ ಮಾತಿಗೂ ರಾಜಸ್ಥಾನದ ಕಡೆಯ ನಂಟಿದೆ, ಹಾಗಾಗಿ ದೂರದ ದಾಯಾದಿಗಳಾಗಿದ್ದರೂ ಇರಬಹುದು. ಕುಣಿತ ಮಾತ್ರ ಬೇರೆಯೇ. ಸಂಡೂರಿನ ಕಡೆಯ ತಾಂಡಾಗಳಲ್ಲಿ ನೋಡಿದ್ದೀರಲ್ಲ, ಹೆಣ್ಣುಮಕ್ಕಳು ದುಂಡಗೆ ಸೇರಿ ತಾವೇ ಹಾಡುತ್ತಾ ಕುಣಿಯುತ್ತಾರೆ. ಫ್ಲಮೆಂಕೊದಲ್ಲಿ ಕುಣಿಯುವವಳು ಬಹುಮಟ್ಟಿಗೆ ಒಬ್ಬಳೇ, ಹಾಡುವವರು ಬೇರೆ. ಲಂಬಾಣಿ ಕನ್ನಡಿ ಕಸೂತಿಗೂ ಫ್ಲಮೆಂಕೊದ ಆ ಝಾಲರಿ ಲಂಗಕ್ಕೂ ಸಂಬಂಧವಿಲ್ಲ. ಸೆವಿಯಾದಲ್ಲಿ 1847ರಲ್ಲಿ ಒಂದು ದನದ ಜಾತ್ರೆ ಶುರುವಾಯಿತು. ದನದ ವ್ಯಾಪಾರಕ್ಕೆ ಬಂದವರ ಹೆಂಗಸರು ಉಡುತ್ತಿದ್ದ ಹತ್ತಿಯ ಝಾಲರಿ ಬಟ್ಟೆಯನ್ನು ನೋಡಿ ಊರಿನ ಸಿರಿವಂತರೂ ಹೊಲಿಸಿಕೊಂಡರು ಎನ್ನುತ್ತಾರೆ. ಈಗ ಅಲ್ಲಿ ದನ ಕಾಣುವುದಿಲ್ಲ, ಲಂಗ ಉಳಿದಿದೆ.

ನನಗೆ ನಲವತ್ತಾರು. ಮೊಣಕಾಲು ನೋವಿದೆ. ಕಲಿಯಬಹುದಾ ಅಕ್ಕಾ? ಮನೆಯಲ್ಲೇ ಅಭ್ಯಾಸ ಮಾಡಿದರೆ ನಡೆಯುತ್ತದಾ?
– ಗೃಹಿಣಿ, ರಾಯಚೂರು

ಮೊದಲು ಡಾಕ್ಟರ ಹತ್ತಿರ ಮೊಣಕಾಲು ತೋರಿಸಿ. ಅವರು ಬೇಡ ಅಂದರೆ ಕಾಲು ಬಿಟ್ಟು ಉಳಿದದ್ದೆಲ್ಲ ಕಲಿಯಬಹುದು. ಬಾರ್ಸಿಲೋನಾದ ಲಾ ಚಾನಾ, 1946ರಲ್ಲಿ ಹುಟ್ಟಿದಾಕೆ, ವಯಸ್ಸಾದ ಮೇಲೆ ಕುರ್ಚಿಯಲ್ಲಿ ಕೂತೇ ಕುಣಿದರು. ಕೂತ ಆ ಕಾಲುಗಳ ವೇಗ ನಿಂತ ಹುಡುಗಿಯರಿಗೂ ಇಲ್ಲ.

ಮನೆಯ ಅಭ್ಯಾಸದ ಬಗ್ಗೆ ಖಡಾಖಂಡಿತ ಹೇಳುತ್ತೇನೆ: ಪರಸಿ ಕಲ್ಲಿನ ಮೇಲೆ, ಟೈಲ್ಸ್ ಮೇಲೆ ಒಂದು ಹೆಜ್ಜೆಯೂ ಹಾಕಬೇಡಿ. ಕಲ್ಲು ಏಟನ್ನು ನುಂಗುವುದಿಲ್ಲ, ನೇರ ಮೊಣಕಾಲಿಗೆ ವಾಪಸು ಕಳಿಸುತ್ತದೆ. ನಮ್ಮ ಕ್ಲಾಸಿನಲ್ಲಿ ಕಲ್ಲಿನ ನೆಲದ ಮೇಲೆ ರಬ್ಬರ್ ತುಂಡು, ಅದರ ಮೇಲೆ ಮರದ ರೀಪು ಅಡ್ಡಡ್ಡ, ಮೇಲೆ ದಪ್ಪ ಪ್ಲೈವುಡ್. ಕೆಳಗೆ ಟೊಳ್ಳು ಇರಬೇಕು, ಆಗಲೇ ನಾದ. ದೊಡ್ಡಾಟದ ಅಟ್ಟದ ಮೇಲೆ ರಾಕ್ಷಸ ಪಾತ್ರಧಾರಿ ಕಾಲಿಟ್ಟಾಗ ಹಲಗೆ ಗುಡುಗುವುದನ್ನು ನಮ್ಮ ಸೀಮೆಯವರಿಗೆ ವಿವರಿಸಬೇಕಿಲ್ಲ. ಬಡಗಿ ಬಂದಾಗ ನಾನು ‘ಅಟ್ಟದಂಗ ಮಾಡಪ್ಪ’ ಅಂದೆ, ಅಳತೆ ತೆಗೆದುಕೊಂಡು ಸುಮ್ಮನೆ ಹೋದ, ಸರಿಯಾಗಿ ಮಾಡಿಕೊಟ್ಟ.

ಶೂ ಈಗಲೇ ಕೊಳ್ಳಬೇಡಿ. ಅದರ ತುದಿಗೂ ಹಿಮ್ಮಡಿಗೂ ಒತ್ತೊತ್ತಾಗಿ ಸಣ್ಣ ಮೊಳೆ ಹೊಡೆದಿರುತ್ತಾರೆ. ನಾನು ಸವೆದ ಶೂ ಕೊಟ್ಟಾಗ ನಮ್ಮ ಮೋಚಿ ಅಜ್ಜ ಅದನ್ನು ತಿರುವಿ ಹಾಕಿ, ‘ಇದು ಚಪ್ಪಲಿ ಏನವ್ವ, ಲಾಳ ಏನು?’ ಅಂದ. ಆದರೂ ಒಂದೊಂದು ಮೊಳೆಯ ತಲೆಯನ್ನೂ ಚರ್ಮದ ಮಟ್ಟಕ್ಕೆ ಕೂರಿಸಿಕೊಟ್ಟ. ಒಂದು ತಲೆ ಎದ್ದಿದ್ದರೂ ಹಲಗೆಗೆ ಸಿಕ್ಕಿ ಬೀಳುವುದೇ.

ಬಾಯಲ್ಲಿ ಗುಲಾಬಿ, ಕೈಯಲ್ಲಿ ಚಿಟಿಕೆ ತಾಳ ಇಲ್ಲದೆ ಫ್ಲಮೆಂಕೊ ಆಗುತ್ತದಾ?
– ಜೀನ್ಸ್ ಅಂಗಡಿಯವರು, ಬಳ್ಳಾರಿ

ಗುಲಾಬಿ ಸಿನಿಮಾದ್ದು, ಅದನ್ನು ಕಚ್ಚಿಕೊಂಡು ಉಸಿರಾಡುವುದು ಹೇಗೆ ಅಂತ ಯೋಚಿಸಿ. ಆ ಮರದ ಚಿಪ್ಪುಗಳು ಕ್ಯಾಸ್ಟನೆಟ್. ಸ್ಪ್ಯಾನಿಶ್ ನೃತ್ಯದ ಬೇರೆ ಶೈಲಿಗಳಲ್ಲಿ ಅವುಗಳಿಗೆ ದೊಡ್ಡ ಜಾಗ. ‘ಲಾ ಅರ್ಜೆಂಟೀನಾ’ ಎಂದೇ ಹೆಸರಾದ ನರ್ತಕಿ ಆಂತೊನಿಯಾ ಮೆರ್ಸೆ ಅವನ್ನು ಕಛೇರಿ ವಾದ್ಯದ ಮಟ್ಟಕ್ಕೆ ಒಯ್ದರು. ತಬ್ಲಾವೊದಲ್ಲಿ ಬೆರಳ ಚಿಟಿಕೆ, ಅಂಗೈ ಚಪ್ಪಾಳೆ ಸಾಕು.

ಮಗ ಕುಣೀತೀನಿ ಅಂತಾನೆ. ಹುಡುಗರಿಗೆ ಹೇಳಿಸಿದ್ದೇ ಇದು?
– ಒಬ್ಬ ತಂದೆ, ಸಂಡೂರು

ಬಯಲಾಟದಲ್ಲಿ ಗಂಡಸರು ದ್ರೌಪದಿಯಾದಾಗ ಕೇಳದ ಪ್ರಶ್ನೆ ಈಗೇಕೆ ಯಜಮಾನರೇ? ಫ್ಲಮೆಂಕೊ ನರ್ತಕ ವಿಸೆಂತೆ ಎಸ್ಕುದೆರೊ ಗಂಡಸರ ಕುಣಿತ ಹೇಗಿರಬೇಕು ಅಂತ 1951ರಲ್ಲಿ ಹತ್ತು ಕಟ್ಟಳೆಯನ್ನೇ ಬರೆದರು. ಅತ್ತ ನರ್ತಕಿ ಕಾರ್ಮೆನ್ ಅಮಾಯಾ ಪ್ಯಾಂಟು ತೊಟ್ಟು, ಗಂಡಸರದೆನ್ನಿಸಿಕೊಂಡ ಕಾಲಿನ ಕೆಲಸದಲ್ಲಿ ಗಂಡಸರನ್ನೇ ಹಿಂದೆ ಹಾಕಿದರು. ಕಳಿಸಿಕೊಡಿ.

ನಾನು ಭರತನಾಟ್ಯ ಶಿಕ್ಷಕಿ. ಆನ್‌ಲೈನ್ ಶಿಬಿರ ಮಾಡಿ ಸರ್ಟಿಫಿಕೇಟ್ ಪಡೆದಿದ್ದೇನೆ. ಫ್ಲಮೆಂಕೊ ಬ್ಯಾಚ್ ಶುರು ಮಾಡಲೇ? ಭಾರತೀಯರು ಕಲಿಸಿದರೆ ಒಪ್ಪುತ್ತಾರಾ?
– ಕೊಪ್ಪಳ

ಎರಡನೆಯದಕ್ಕೆ ಹೌದು. ಲಾ ಅರ್ಜೆಂಟೀನಾ ಹುಟ್ಟಿದ್ದು ಬ್ಯೂನಸ್ ಐರಿಸ್ಸಿನಲ್ಲಿ. ಅಮೆರಿಕದಲ್ಲಿ ಸ್ಪ್ಯಾನಿಶ್ ನೃತ್ಯಕ್ಕೆ ಮನೆಮಾತಾದ ಹೊಸೆ ಗ್ರೆಕೊ ಇಟಲಿಯಲ್ಲಿ ಹುಟ್ಟಿ ಬ್ರೂಕ್ಲಿನ್ನಿನಲ್ಲಿ ಬೆಳೆದವರು. 1930ರ ದಶಕದಲ್ಲಿ ಅಮೆರಿಕದ ಲಾ ಮೆರಿ ಎಂಬಾಕೆ ಸ್ಪ್ಯಾನಿಶ್ ನೃತ್ಯ ಮಾಡುತ್ತಾ ಭಾರತಕ್ಕೆ ಬಂದು, ಇಲ್ಲಿ ಭರತನಾಟ್ಯ ಕಲಿತು, ಹೋಗುವಾಗ ನಮ್ಮ ಬೆಂಗಳೂರಿನ ನರ್ತಕ ರಾಮ್ ಗೋಪಾಲ್ ಅವರನ್ನು ತಮ್ಮ ಪ್ರವಾಸಕ್ಕೆ ಕರೆದೊಯ್ದರು. ಹುಟ್ಟೂರು ಅಡ್ಡ ಬರುವುದಿಲ್ಲ.

ಮೊದಲನೆಯದಕ್ಕೆ ಇಲ್ಲ, ಸದ್ಯಕ್ಕಂತೂ ಬೇಡ. ಪರದೆಯ ಮೇಲೆ ದನಿ ತಡವಾಗಿ ಬರುತ್ತದೆ, ನೀವು ಯಾವ ಮಾತ್ರೆಯಲ್ಲಿ ಚಪ್ಪಾಳೆ ತಟ್ಟಿದಿರಿ ಅಂತ ಆಚೆಯವರಿಗೆ ಗೊತ್ತಾಗುವುದೇ ಇಲ್ಲ. ಹಾಡುಗಾರ ಎದುರಿಗಿಲ್ಲದೆ ಯಾರಿಗೆ ಕರೆ ಕೊಡುತ್ತೀರಿ? ಭಾನುವಾರ ಬೆಳಗ್ಗೆ ಬಳ್ಳಾರಿಗೆ ಬನ್ನಿ, ಕೊಪ್ಪಳದಿಂದ ರೈಲಿದೆ. ಶೂ ತರುವುದು ಬೇಡ. ಮೊದಲ ಕೆಲವು ವಾರ ಗೋಡೆಗೆ ಬೆನ್ನು ಕೊಟ್ಟು ಕೂತು, ನಾನು ಹಾಕುವ ಹಾಡಿಗೆ ಬರೀ ಚಪ್ಪಾಳೆ ಹಾಕಬೇಕು. ಅದಕ್ಕೆ ಫೀಸು ಅರ್ಧ.